ಕೌರವನ ಬೆರಗು

ಹೊಟ್ಟೆ ಉರಿಯುವ ಮೊದಲು ಅವನ ಕಣ್ಣು ಅರಳಿತ್ತು. ವಿಷದ ಊಟ, ಅರಗಿನ ಮನೆ, ರಾಜ್ಯದ ಪಾಲು ಎಲ್ಲ ಆಗಿಹೋದ ಮೇಲೂ, ಇಂದ್ರಪ್ರಸ್ಥದಲ್ಲಿ ಮಯ ಕಟ್ಟಿದ ಸಭೆಯೊಳಗೆ ಕಾಲಿಟ್ಟ ಗಳಿಗೆ ದುರ್ಯೋಧನ ವೈರವನ್ನೂ ಮರೆತು ನಿಂತುಬಿಟ್ಟಿದ್ದ. ಸ್ಫಟಿಕದ ನೆಲ ನೀರಿನ ಹಾಗೆ ಮಿನುಗಿದ್ದನ್ನು ಕಂಡು ಉಟ್ಟ ಬಟ್ಟೆಯನ್ನು ಮೇಲಕ್ಕೆತ್ತಿಕೊಂಡ, ಮುಂದೆ ನಿಜವಾದ ಕೊಳ ಬಂದಾಗ ಅದರ ತಿಳಿನೀರು, ಅದರ ಮೇಲಿನ ತಾವರೆ ಎಲ್ಲವೂ ಕಲ್ಲಿನ ಕೆಲಸವೆಂದು ನಂಬಿ ನಡೆದು ಉಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದ. ನೆಲ ನೋಡಿ ನಡೆಯುವವರು ಹಾಗೆ ಬೀಳುವುದಿಲ್ಲ. ಕಂಬದಿಂದ ಕಂಬಕ್ಕೆ, ಬೆಳಕಿನಿಂದ ಬೆಳಕಿಗೆ ಕಣ್ಣು ಹರಿಯಬಿಟ್ಟು, ತನ್ನ ಕಾಲು ಎಲ್ಲಿದೆ ಎಂಬುದೇ ತಿಳಿಯದಷ್ಟು ಮೈಮರೆತವನು ಮಾತ್ರ ಹಾಗೆ ಬೀಳುತ್ತಾನೆ. ನಕ್ಕವರು ಭೀಮ, ಅರ್ಜುನ, ನಕುಲ ಸಹದೇವರು ಎಂದು ವ್ಯಾಸರು ಬರೆದಿದ್ದಾರೆ. ನಕ್ಕವಳು ದ್ರೌಪದಿ ಎಂದು ನಮ್ಮ ಜನ ಹೇಳುತ್ತಾರೆ. ಯಾರು ನಕ್ಕರೂ ಆ ನಗೆ ಬಿದ್ದದ್ದು ಒಬ್ಬ ಬೆರಗಾದ ಮನುಷ್ಯನ ಮೇಲೆ. ಆಮೇಲೆ ಧರ್ಮರಾಯನ ಅಪ್ಪಣೆಯಂತೆ ಅವನಿಗೆ ಒಣ ಬಟ್ಟೆ ತಂದುಕೊಟ್ಟರು. ವೈರಿಯ ಮನೆಯ ಮೆತ್ತನೆಯ, ಬೆಚ್ಚನೆಯ ಆ ಬಟ್ಟೆ ಹಸಿ ಮೈಗೆ ತಾಗಿದಾಗ ಒಳಗೆ ಏನು ಹೊತ್ತಿಕೊಂಡಿತೋ ಅದು ಹದಿನೆಂಟು ಅಕ್ಷೋಹಿಣಿ ಸುಟ್ಟಮೇಲೂ ಆರಲಿಲ್ಲ.

ಅಫಜಲಪುರ ತಾಲ್ಲೂಕಿನ ಹವಳಗಾದ ಕಡೆ ಚಳಿಗಾಲದ ರಾತ್ರಿಗೆ ಒಂದು ವಾಸನೆ ಇದೆ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಹಿಡಿದ ದಿನದಿಂದ ಗಾಳಿಯಲ್ಲಿ ಕಾಕಂಬಿಯ ಸಿಹಿ ಕಮಟು ನಿಲ್ಲುತ್ತದೆ. ದಾರಿಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಉಬ್ಬಸದಿಂದ ಸಾಗುತ್ತಿರುತ್ತವೆ. ಅದರಾಚೆ, ಬೆಳಕು ಮುಗಿದಲ್ಲಿಂದ, ಎರೆ ಹೊಲದ ಮೇಲೆ ಜೋಳ ತನ್ನ ಪಾಡಿಗೆ ಇಬ್ಬನಿ ಕುಡಿಯುತ್ತ ನಿಂತಿರುತ್ತದೆ, ತೊಗರಿಯ ಒಣಗಿದ ಕಾಯಿ ಗಾಳಿಗೆ ಗಲಗಲ ಎನ್ನುತ್ತದೆ. ಎಳ್ಳಮಾಸಿ ಮುಗಿದು, ಹೊಲಕ್ಕೆ ಚರಗ ಚೆಲ್ಲಿ ಬಂದ ಮೇಲೆ, ಈ ಸೀಮೆಯ ಊರುಗಳಲ್ಲಿ ನಾಟಕದ ತಾಲೀಮು ಕೇಳತೊಡಗುತ್ತದೆ: ಗುಡಿಯ ಕಟ್ಟೆಯ ಮೇಲೆ ಪೇಟಿ ಮಾಸ್ತರ ಒಂದೇ ಸ್ವರವನ್ನು ಹಿಡಿದುಕೊಂಡು ಕೂತಿರುತ್ತಾನೆ, ಹಗಲೆಲ್ಲ ಕಬ್ಬು ಕಡಿದ ಕೈಯೊಂದು ಗಾಳಿಯಲ್ಲಿ ಇಲ್ಲದ ಗದೆಯನ್ನು ತಿರುವುತ್ತಿರುತ್ತದೆ, ಮಾತು ಮರೆತವನು ನಿಂತಲ್ಲೇ ನಿಂತು ಕಣ್ಣು ಮುಚ್ಚಿ ತುಟಿ ಆಡಿಸುತ್ತಾನೆ, ಗುಡಿಯೊಳಗಿನ ದೀಪ ಅವನ ಅರ್ಧ ಮುಖವನ್ನಷ್ಟೇ ಬೆಳಗುತ್ತದೆ. ಜಾತ್ರೆಯ ರಾತ್ರಿ ಬಂದಾಗ ಇದೇ ಮನುಷ್ಯ ಕಿರೀಟ ಇಟ್ಟು, ಮೀಸೆ ತೀಡಿ, ಅಟ್ಟದ ಹಿಂದೆ ಕಾಯಿ ಒಡೆದು, ಹಣೆಗೆ ವಿಭೂತಿ ಬಳಿದುಕೊಂಡು, ಮೊದಲ ಹೆಜ್ಜೆ ಇಡುವ ಮುಂಚೆ ಬಾಗಿ ಹಲಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಮುಟ್ಟಿದ್ದು ಬಾಡಿಗೆಗೆ ತಂದ ಹಲಿಗೆ. ಆದರೂ ಆ ಬೆರಳು ಕಣ್ಣಿಗೆ ಹೋಗುವಷ್ಟು ಹೊತ್ತು ನನಗೆ ಗರ್ಭಗುಡಿಯ ಹೊಸ್ತಿಲ ಮುಂದೆ ಕೂತ ಹಾಗೆ ಆಗುತ್ತದೆ.

ನಮ್ಮ ಕಡೆಯ ಹಳ್ಳಿಗಳಿಗೆ ಮಹಾಭಾರತ ಇಂಥ ರಾತ್ರಿಗಳಲ್ಲಿ, ಕಂದಗಲ್ಲ ಹನುಮಂತರಾಯರ ಕೈಯಿಂದ ಬಂತು. ‘ರಕ್ತರಾತ್ರಿ’, ‘ಕುರುಕ್ಷೇತ್ರ’ ಎಂದರೆ ಸಾಕು, ಮುದುಕರ ಬೆನ್ನು ನೆಟ್ಟಗಾಗುತ್ತದೆ. ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಜನ ಅವರನ್ನು ಕರೆದರು. ವಿಜಯಪುರದ ರಂಗಮಂದಿರ ಅವರ ಹೆಸರಿನಲ್ಲೇ ಇದೆ. ಆ ಬಿರುದನ್ನು ನಾನು ಬರೀ ಅಭಿಮಾನದ ಮಾತೆಂದು ತಿಳಿದಿಲ್ಲ. ಒಬ್ಬ ಕೆಟ್ಟವನ ಎದೆಯೊಳಗೆ ಊರಿಗೆ ಊರನ್ನೇ ಕರೆದೊಯ್ದು, ಬೆಳಗಾಗುವವರೆಗೂ ಅಲ್ಲಿಯೇ ಕೂಡಿಸುವ ಶಕ್ತಿ ಸಣ್ಣದಲ್ಲ.

ನಾಟಕದ ನಡುವೆ ಆಯೇರಿ ನಡೆಯುತ್ತದೆ. ಕೌರವ ಸಿಟ್ಟಿನ ತುದಿಯಲ್ಲಿ ನಿಂತಿರುವಾಗಲೇ ಪರದೆಯ ಬದಿಯಿಂದ ಒಬ್ಬ ಬಂದು ಮೈಕಿನಲ್ಲಿ ಹೆಸರು ಹೇಳುತ್ತಾನೆ. ಮಾವ, ಅಳಿಯ, ಬೀಗರು, ಗೆಳೆಯರು ಒಬ್ಬೊಬ್ಬರಾಗಿ ಮೇಲೆ ಹತ್ತಿ ಬಂದು ಚಕ್ರವರ್ತಿಗೆ ಟವೆಲ್ಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ನೋಟನ್ನು ಎದೆಗೆ ಸಿಕ್ಕಿಸುತ್ತಾರೆ. ಅವನು ಸಿಟ್ಟಿನ ಮುಖವನ್ನು ಒಂದು ಚೂರೂ ಸಡಿಲಿಸದೆ ಎಲ್ಲವನ್ನೂ ತಗೊಂಡು, ಅವರು ಇಳಿದುಹೋದ ಮೇಲೆ ಬಿಟ್ಟಲ್ಲಿಂದಲೇ ಮಾತು ಎತ್ತಿಕೊಳ್ಳುತ್ತಾನೆ. ಪಟ್ಟಣದವರಿಗೆ ಇದು ರಸಭಂಗ. ನನಗೆ ಮಾತ್ರ ಇಲ್ಲಿ ಸಭಾಪರ್ವ ನೆನಪಾಗುತ್ತದೆ. ರಾಜಸೂಯದಲ್ಲಿ ಬಂದ ಕಾಣಿಕೆಗಳನ್ನೆಲ್ಲ ಕೈಯೊಡ್ಡಿ ತೆಗೆದುಕೊಳ್ಳುವ ಕೆಲಸವನ್ನು ಧರ್ಮರಾಯ ವಹಿಸಿದ್ದು ದುರ್ಯೋಧನನಿಗೆ. ಹಸ್ತಿನಾವತಿಗೆ ಹಿಂದಿರುಗಿ ಅವನು ಕುರುಡು ತಂದೆಯ ಮುಂದೆ ಕೂತು ಆ ಸಂಪತ್ತನ್ನು ವರ್ಣಿಸುವ ಪರಿ ನೋಡಬೇಕು: ಯಾವ ದೇಶದ ಕುದುರೆ, ಯಾವ ಸೀಮೆಯ ಕಂಬಳಿ, ಯಾವ ಕಡಲಿನ ಮುತ್ತು, ತೆಗೆದುಕೊಂಡು ತೆಗೆದುಕೊಂಡು ತನ್ನ ಕೈ ಸೋತುಹೋದದ್ದು. ಇಷ್ಟು ನಿಗಾ ಇಟ್ಟು ನೋಡಿದವರು ಆ ಯಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಧರ್ಮರಾಯನೂ ತನ್ನ ಸಿರಿಯನ್ನು ಹಾಗೆ ನೋಡಲಿಲ್ಲ. ಪಾಂಡವರ ವೈಭವಕ್ಕೆ ಸಿಕ್ಕ ಅತಿ ದೊಡ್ಡ ಕವಿ ಅವರನ್ನು ಕಂಡರಾಗದ ದಾಯಾದಿ ಎಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ದಿಗಿಲು ಆಗುತ್ತದೆ. ಮೆಚ್ಚುವ ಕಣ್ಣು, ಕರುಬುವ ಕಣ್ಣು ಎಂದು ನಾವು ಎರಡು ಮಾಡಿಕೊಂಡದ್ದು ಒಂದೇ ಕಣ್ಣಿನ ಎರಡು ಹೊತ್ತುಗಳಿರಬಹುದು.

ಹಸ್ತಿನಾವತಿಗೆ ಹಿಂದಿರುಗುವ ದಾರಿಯಲ್ಲಿ ಶಕುನಿಯ ಮುಂದೆ ಅವನು ಹೇಳಿಕೊಳ್ಳುವ ಒಂದು ಸಂಕಟವಿದೆ: ಬೇಸಿಗೆ ಬಂದಾಗ ಆಳವಿಲ್ಲದ ನೀರು ಹೇಗೋ ಹಾಗೆ ತಾನು ಹಗಲೂ ರಾತ್ರಿ ಬತ್ತುತ್ತಿದ್ದೇನೆ ಎಂದು. ಬೆಂಕಿ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ; ಬತ್ತುವುದನ್ನು ವ್ಯಾಸರು ಕಂಡರು. ಅದನ್ನು ಓದಲು ಕಲಬುರಗಿಯ ಬಿಸಿಲಿನಲ್ಲಿ ಬದುಕಿರಬೇಕು. ಮೇ ತಿಂಗಳಲ್ಲಿ ಭೀಮೆಯ ಮಡುವೊಂದು ದಿನದಿಂದ ದಿನಕ್ಕೆ ಒಳಗೆ ಸರಿಯುತ್ತದೆ, ಅಂಚಿನ ಕೆಸರು ಬಿರಿದು ಹೆಂಚಿನಂತೆ ಮೇಲೇಳುತ್ತದೆ, ನಡುವೆ ಉಳಿದ ಅಂಗೈಯಗಲ ನೀರು ಅಷ್ಟು ಆಕಾಶವನ್ನೂ ಹಿಡಿದುಕೊಂಡು ಕಣ್ಣು ಕುಕ್ಕುವಂತೆ ಹೊಳೆಯುತ್ತಿರುತ್ತದೆ. ಇನ್ನೊಂದು ವಾರದಲ್ಲಿ ಇಲ್ಲವಾಗುವ ಆ ನೀರಿನಷ್ಟು ಹೊಳಪು ಮಳೆಗಾಲದ ತುಂಬು ಹೊಳೆಗೂ ಇರುವುದಿಲ್ಲ. ಕರುಬುವವನ ಮುಖದಲ್ಲಿ ನಾನು ಕಂಡದ್ದು ಅದೇ ಹೊಳಪು. ಅವನಿಗೆ ಎಲ್ಲವೂ ಬೇರೆಯವರಿಗಿಂತ ಸ್ಪಷ್ಟವಾಗಿ ಕಾಣುತ್ತದೆ, ಕಂಡಷ್ಟೂ ಅವನು ಕಡಿಮೆಯಾಗುತ್ತಾನೆ.

1604ರಲ್ಲಿ ಲಂಡನ್ನಿನ ಅರಮನೆಯೊಂದರಲ್ಲಿ ಆಡಿದ ಶೇಕ್ಸ್‌ಪಿಯರನ ‘ಒಥೆಲೋ’ ಹುಟ್ಟುವುದು ಕೂಡ ಬೆರಗಿನಲ್ಲಿಯೇ. ದೂರದ ನಾಡುಗಳ, ಯುದ್ಧಗಳ, ಗುಹೆ ಮರುಭೂಮಿಗಳ ಕಥೆಯನ್ನು ಒಬ್ಬ ಕಪ್ಪು ದಳಪತಿ ಹೇಳುತ್ತಾನೆ. ಮನೆಗೆಲಸದ ನಡುವೆ ಬಂದು ಬಂದು ಕೇಳಿದ ಹುಡುಗಿ ಆ ಕಷ್ಟಗಳಿಗಾಗಿಯೇ ಅವನನ್ನು ಪ್ರೀತಿಸುತ್ತಾಳೆ. ಅವನನ್ನು ಕೆಡಿಸುವ ಇಯಾಗೋ ಕೂಡ ಒಂದು ಕಡೆ ಬಾಯಿಬಿಟ್ಟು ಹೇಳುತ್ತಾನೆ, ಒಥೆಲೋನ ಕೈಕೆಳಗಿನ ಕ್ಯಾಸಿಯೋನ ದಿನದಿನದ ಬದುಕಿನಲ್ಲಿ ಏನೋ ಒಂದು ಚೆಲುವಿದೆ, ಅದರ ಪಕ್ಕ ನಿಂತರೆ ತಾನು ಕುರೂಪಿ ಎಂದು. ಆ ಚೆಲುವನ್ನು ಕ್ಯಾಸಿಯೋ ತಾನೇ ಅರಿಯ. ನಾಟಕದಲ್ಲಿ ಬೇರೆ ಯಾರೂ ಅದರ ಹೆಸರೆತ್ತುವುದಿಲ್ಲ. ಕೊಲ್ಲಲು ಹೊರಟವನೊಬ್ಬನಿಗೆ ಅದು ಕಾಣಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ, ‘ಕಾಯೌ ಶ್ರೀಗೌರಿ’ ಬರೆದ ಬಸವಪ್ಪ ಶಾಸ್ತ್ರಿಗಳು ಇಂಗ್ಲಿಷ್ ಬಲ್ಲವರ ನೆರವು ಪಡೆದು ಇದನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದರು, ಒಥೆಲೋ ಶೂರಸೇನನಾದ, ಕಂದಪದ್ಯದಲ್ಲಿ ಕರುಬಿದ, ಕಂದಪದ್ಯದಲ್ಲಿ ಅತ್ತ. ಹೆಸರು, ಬಣ್ಣ, ಕಡಲು ಎಲ್ಲ ಬದಲಾದರೂ ಆ ಸಂಕಟಕ್ಕೆ ನಮ್ಮಲ್ಲಿ ಆಗಲೇ ಮನೆ ಇತ್ತು.

ಮನೆ ಇತ್ತೆಂದು ಹೇಳಲು ಓಲೆಗರಿ ಬೇಕಿಲ್ಲ. ದಪ್ಪು, ತಾಳ, ತುಂತುಣಿ ಹಿಡಿದು ಆಡುವ ಸಣ್ಣಾಟದ ‘ಸಂಗ್ಯಾ ಬಾಳ್ಯಾ’ ಸಾಕು. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ಹಾಡಾಗಿ, ಆಟವಾಗಿ ಉತ್ತರ ಕರ್ನಾಟಕದ ಊರೂರು ತಿರುಗಿತು. ಚಂದ್ರಶೇಖರ ಕಂಬಾರರು ಅದನ್ನು ಪುಸ್ತಕಕ್ಕೆ ತಂದರು. ಗಂಗಾಳನ್ನು ಕಂಡ ಸಂಗ್ಯಾ ಕಣ್ಣು ಕೀಳಲಾರದೆ ಹೋಗುವುದರಿಂದ ಹಿಡಿದು, ಗಂಡ ಈರ್ಯಾ ಅಣ್ಣತಮ್ಮಂದಿರನ್ನು ಕೂಡಿಸಿಕೊಂಡು ಅವನನ್ನು ಮುಗಿಸುವವರೆಗೆ, ಜೀವದ ಗೆಳೆಯ ಬಾಳ್ಯಾನೇ ಅವನನ್ನು ಸಾವಿನ ಜಾಗಕ್ಕೆ ಕರೆತರುವವರೆಗೆ, ಎಲ್ಲವೂ ಊರಿನ ಬೀದಿಯಲ್ಲಿ ನಡೆದಷ್ಟೇ ಸಲೀಸಾಗಿ ನಡೆದುಹೋಗುತ್ತದೆ. ತಪ್ಪು ಯಾರದೆಂದು ನೆರೆದ ಜನಕ್ಕೆ ಚೆನ್ನಾಗಿ ಗೊತ್ತು. ಹೆಂಡತಿ ಮಕ್ಕಳೊಂದಿಗೆ ಮರ್ಯಾದೆಯಿಂದ ಬಾಳುವವರೇ ಆ ಜನ. ಆದರೂ ಸಂಗ್ಯಾ ಕೊರಳೆತ್ತಿ ಜೀವದಾನ ಬೇಡುವಾಗ ಹೆಂಗಸರ ಸಾಲಿನಿಂದ ಬಿಕ್ಕುವ ಸದ್ದು ಬರುತ್ತದೆ, ಗಂಡಸರು ಬೀಡಿ ಹಚ್ಚುವ ನೆವದಲ್ಲಿ ತಲೆ ಬಗ್ಗಿಸುತ್ತಾರೆ. ಈರ್ಯಾನ ಉರಿಯೂ ಸುಳ್ಳಲ್ಲ, ಸಂಗ್ಯಾನ ಮೋಹವೂ ಸುಳ್ಳಲ್ಲ, ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಜನ ಬೆಳಗಿನ ಜಾವದವರೆಗೆ ಕೂತಿರುತ್ತಾರೆ, ಮೇಲೆ ಚುಕ್ಕಿಗಳು ಸರಿಯುತ್ತಿರುತ್ತವೆ.

ಆದರೆ ಕರುಬಿನ ಕಥೆಯನ್ನು ಬೆರಗಿನ ಊರಿಗೆ ಮರಳಿ ಕರೆದುಕೊಂಡು ಹೋದವನು ರನ್ನ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ತೈಲಪನ, ಅವನ ಮಗ ಸತ್ಯಾಶ್ರಯನ ಆಸ್ಥಾನದಲ್ಲಿ ದೊಡ್ಡ ಕವಿಯಾದವನು. 973ರಲ್ಲಿ ರಾಷ್ಟ್ರಕೂಟರನ್ನು ಗೆದ್ದ ತೈಲಪ ಮೊದಲು ಆಳಿದ್ದು ಮಾನ್ಯಖೇಟದಿಂದ, ಅಂದರೆ ಇದೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ. ಅದರ ಕೋಟೆಯನ್ನು ತೊಳೆಯುವ ಕಾಗಿಣಾ ಹೊಳೆ ಮುಂದೆ ಹೋಗಿ ಭೀಮೆಯನ್ನು ಸೇರುತ್ತದೆ. ಹಾಗಾಗಿ ‘ಗದಾಯುದ್ಧ’ವನ್ನು ನಾನು ದೂರದ ಕಾವ್ಯವೆಂದು ಓದಲಾರೆ, ಆ ಪದ್ಯಗಳಿಗೆ ಈ ಕಪ್ಪು ಮಣ್ಣಿನ, ಈ ಸುಣ್ಣಗಲ್ಲಿನ ಬಿಸಿ ಇದೆ ಎಂದು ನನ್ನ ಮನಸ್ಸು ಹಟ ಹಿಡಿಯುತ್ತದೆ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಒಂದು ಮಾಡಿ ಹಾಡಬೇಕಿತ್ತು. ಹಾಡಿದ. ಗೆಲುವನ್ನು ದೊರೆಗೆ ಕೊಟ್ಟು, ಕಾವ್ಯದ ಕಣ್ಣೀರನ್ನೆಲ್ಲ ದುರ್ಯೋಧನನಿಗೆ ಎತ್ತಿಟ್ಟ.

ಯುದ್ಧದ ಕೊನೆ. ನೂರು ಮಂದಿಯಲ್ಲಿ ಉಳಿದವನು ಒಬ್ಬನೇ. ಸಂಜಯನನ್ನು ಜೊತೆಗೆ ಕರೆದುಕೊಂಡು, ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು, ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ಒಮ್ಮೆ ಮಯಸಭೆಯಲ್ಲಿ ತಲೆಯೆತ್ತಿ ನಡೆದು ಜಾರಿದ ಅದೇ ಕಾಲು ಈಗ ರಕ್ತದ ಕೆಸರಿನಲ್ಲಿ ನೆಲವನ್ನೇ ನೋಡುತ್ತ ಊರುತ್ತದೆ. ಆನೆಗಳು ಬಿದ್ದಿವೆ, ರಥಗಳು ಮಗುಚಿವೆ, ಮರುಳುಗಳು ಅವನನ್ನು ಅಣಕಿಸುತ್ತವೆ. ದ್ರೋಣ ಸಿಗುತ್ತಾನೆ. ದುಶ್ಶಾಸನ ಸಿಗುತ್ತಾನೆ. ಕರ್ಣ ಸಿಗುತ್ತಾನೆ, ಅಲ್ಲಿ ಅವನ ಮಾತು ಒಡೆದುಹೋಗುತ್ತದೆ. ಮಗ ಲಕ್ಷ್ಮಣಕುಮಾರ ಸಿಗುತ್ತಾನೆ; ಮಗ ತಂದೆಗೆ ಬಿಡಬೇಕಾದ ನೀರನ್ನು ತಂದೆ ಮಗನಿಗೆ ಬಿಡುವ ಹಾಗಾಯಿತಲ್ಲ ಎಂದು ಬೇಯುತ್ತಾನೆ. ಮತ್ತು ಅದೇ ಕಣದಲ್ಲಿ ಅಭಿಮನ್ಯು ಸಿಗುತ್ತಾನೆ.

ಇಲ್ಲಿ ನಾನು ಪುಸ್ತಕ ಮುಚ್ಚಿ ಕೂತುಬಿಡುತ್ತೇನೆ. ಯಾರು ಈ ಅಭಿಮನ್ಯು? ವೈರಿಯ ಮಗ. ಲಕ್ಷ್ಮಣಕುಮಾರನ ತಲೆ ಕಡಿದವನು ಈತನೇ ಎಂದು ವ್ಯಾಸರ ದ್ರೋಣಪರ್ವ ಹೇಳುತ್ತದೆ. ಈತನನ್ನು ಒಬ್ಬೊಬ್ಬರಾಗಿ ಎದುರಿಸಲಾರದೆ ದುರ್ಯೋಧನನ ಕಡೆಯ ಮಹಾರಥರು ಸುತ್ತುಗಟ್ಟಿ ಕೊಂದಿದ್ದರು. ಆ ಹುಡುಗನ ಹೆಣದ ಮುಂದೆ ರನ್ನನ ದುರ್ಯೋಧನ ಹಲ್ಲು ಕಡಿಯುವುದಿಲ್ಲ, ಮುಖ ತಿರುಗಿಸುವುದೂ ಇಲ್ಲ. ನಿಲ್ಲುತ್ತಾನೆ. ನಿನ್ನಂಥ ಪರಾಕ್ರಮಿ ಯಾರಿದ್ದಾರೆ ಎಂದು ಹೊಗಳಿ, ಕೈಮುಗಿದು, ನಿನಗೆ ಬಂದಂಥ ಸಾವಿನಲ್ಲಿ ಒಂದು ಪಾಲಾದರೂ ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಜೀವಮಾನವೆಲ್ಲ ಬೇರೆಯವರಿಗೆ ಸಿಕ್ಕದ್ದು ತನಗೂ ಬೇಕೆಂದವನು ಅವನು: ಅವರ ಸಭೆ, ಅವರ ರಾಜ್ಯ, ಅವರ ಹೆಸರು. ಈಗಲೂ ಬೇಡುತ್ತಿರುವುದು ಬೇರೆಯವನಿಗೆ ಸಿಕ್ಕದ್ದನ್ನೇ. ಗುಣ ಬದಲಾಗಿಲ್ಲ, ಆಸೆಯೂ ಅದೇ, ಕಣ್ಣೂ ಅದೇ. ಆದರೆ ಕಿತ್ತುಕೊಳ್ಳಲು ಚಾಚುತ್ತಿದ್ದ ಆ ಎರಡು ಕೈಗಳು ಜೋಡಿಸಿಕೊಂಡಿವೆ. ಇಂದ್ರಪ್ರಸ್ಥದ ಹೊಸ್ತಿಲಲ್ಲಿ ಅವನಿಗೆ ತಪ್ಪಿಹೋದ ಬೆರಗು ಇಷ್ಟು ವರ್ಷ ಅವನನ್ನೇ ಹುಡುಕಿಕೊಂಡು ಅಲೆದು, ಕೊನೆಗೆ ಹೆಣಗಳ ನಡುವೆ ಅವನ ಕೈ ಹಿಡಿಯಿತೇನೋ. ಗ್ರೀಕರ ರುದ್ರನಾಟಕಗಳನ್ನು ಕನ್ನಡಕ್ಕೆ ಹತ್ತಿರ ಮಾಡಿದ ಬಿ.ಎಂ. ಶ್ರೀಯವರು 1926ರಲ್ಲಿ ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದಾಗ, ಹೊಸದಾಗಿ ಏನನ್ನೂ ಕಟ್ಟಬೇಕಾಗಿ ಬಂದಿರಲಿಕ್ಕಿಲ್ಲ. ಕಾವ್ಯದ ಒಳಗೆ ನಾಟಕ ಒಂಬತ್ತು ನೂರು ವರ್ಷದಿಂದ ಎದ್ದು ನಿಲ್ಲಲು ಕಾಯುತ್ತಿತ್ತು.

ಭೀಷ್ಮನ ಮಾತಿನಂತೆ ಅವನು ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಮೊದಲು ಕೊಳವೊಂದನ್ನು ನೆಲವೆಂದು ನಂಬಿ ಬಿದ್ದವನು, ಆಮೇಲೆ ಬೇಸಿಗೆಯ ನೀರಿನಂತೆ ಬತ್ತಿದವನು, ಮಗನಿಗೆ ನೀರು ಬಿಡಬೇಕಾಗಿ ಬಂದವನು, ಕಡೆಗೆ ಗೊತ್ತಿದ್ದೂ ಗೊತ್ತಿದ್ದೂ ನೀರಿನೊಳಗೆ ಇಳಿಯುತ್ತಾನೆ. ಸುತ್ತಲೂ ತಣ್ಣಗಿನ ಕತ್ತಲು, ನೆತ್ತಿಯ ಮೇಲೆ ತಾವರೆಯ ಎಲೆಗಳ ನೆರಳು, ಮೀನುಗಳು ಅವನ ಕಿರೀಟವನ್ನು ಮೂಸಿ ಹೋಗುತ್ತಿದ್ದಿರಬೇಕು. ದಡದಲ್ಲಿ ಭೀಮನ ಕೂಗು ಗುಡುಗಿದಾಗ ಅಷ್ಟು ನೀರೂ ಅವನ ಒಳಗಿನ ಕಾವನ್ನು ತಡೆಯಲಾರದೆ ಹೋಗುತ್ತದೆ. ಅವನು ಎದ್ದು ಬರುತ್ತಾನೆ.

ಅಟ್ಟದ ಮೇಲೆ ತೊಡೆ ಮುರಿಯುವ ಹೊತ್ತಿಗೆ ನಮ್ಮಲ್ಲಿ ಮೂಡಣ ಕೆಂಪಾಗಿರುತ್ತದೆ. ಗದ್ದಲ ಇರುವುದಿಲ್ಲ. ಭೀಮನ ಹೆಸರಿನ ಹೊಳೆಯ ದಂಡೆಯ ಜನ ಭೀಮ ಗೆದ್ದದ್ದಕ್ಕೆ ಚಪ್ಪಾಳೆ ತಟ್ಟುವುದನ್ನು ಮರೆಯುತ್ತಾರೆ. ಕಂಬಳಿ ಹೊದ್ದು ಕೂತ ಅಜ್ಜಿಯೊಬ್ಬಳು, ಇಡೀ ರಾತ್ರಿ ಕೌರವನಿಗೆ ಶಾಪ ಹಾಕಿದವಳು, ತನಗೆ ತಾನೇ ಹೇಳಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ: “ಏಳಪ್ಪಾ ನನ್ನ ದೊರಿ, ಬರೇ ನೆಲದ ಮ್ಯಾಲ ಮಲಗಬ್ಯಾಡ.” ವ್ಯಾಸರೂ ಅಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿದ್ದಾರೆ. ತೊಡೆ ಮುರಿದು ಬಿದ್ದ ದುರ್ಯೋಧನ ಅರ್ಧ ಎದ್ದು ಕೂತು, ತಾನು ಓದಿದ್ದು, ಕೊಟ್ಟದ್ದು, ಆಳಿದ್ದು, ಕ್ಷತ್ರಿಯನಂತೆ ಸಾಯುತ್ತಿರುವುದು ಎಲ್ಲವನ್ನೂ ಹೇಳಿ, ನನಗಿಂತ ಒಳ್ಳೆಯ ಕೊನೆ ಯಾರಿಗಿದೆ ಎಂದು ಕೇಳುತ್ತಾನೆ; ಕೇಳಿದ ಕೂಡಲೇ ಆಕಾಶದಿಂದ ಪರಿಮಳದ ಹೂ ಸುರಿಯುತ್ತದೆ, ಗಂಧರ್ವರ ವಾದ್ಯ ಮೊಳಗುತ್ತದೆ, ಗೆದ್ದ ಪಾಂಡವರು ನಾಚಿ ನಿಲ್ಲುತ್ತಾರೆ. ಆ ಹೂವನ್ನು ಯಾಕೆ ಸುರಿಸಿದಿರಿ ಎಂದು ಯಾರೂ ದೇವತೆಗಳನ್ನು ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ಒಳ್ಳೆಯದಾಯಿತು.

ನಾಟಕಗಳು ಇಲ್ಲಿಗೇ, ಹೆಚ್ಚೆಂದರೆ ಅಶ್ವತ್ಥಾಮನ ಆ ರಾತ್ರಿಗೆ ಮುಗಿದುಬಿಡುತ್ತವೆ. ನನಗೆ ಇನ್ನೊಂದು ದೃಶ್ಯದ ಆಸೆ ಇದೆ. ಸ್ವರ್ಗಾರೋಹಣ ಪರ್ವದಲ್ಲಿ, ದೇಹದೊಂದಿಗೇ ಸ್ವರ್ಗ ಮುಟ್ಟಿದ ಧರ್ಮರಾಯ ಮೊದಲು ಕಾಣುವುದು ತಮ್ಮಂದಿರನ್ನಲ್ಲ, ಹೆಂಡತಿಯನ್ನಲ್ಲ. ಸೂರ್ಯನ ಹಾಗೆ ಬೆಳಗುತ್ತ ದೇವತೆಗಳ ನಡುವೆ ಪೀಠದಲ್ಲಿ ಕೂತ ದುರ್ಯೋಧನನನ್ನು. ಬದುಕಿನುದ್ದಕ್ಕೂ ಕರುಬದ ಧರ್ಮರಾಯ ಆ ಸಿರಿಯನ್ನು ಕಂಡು ಸಹಿಸಲಾರದೆ ತಟ್ಟನೆ ಮುಖ ತಿರುಗಿಸಿ, ಇವನಿರುವ ಲೋಕ ನನಗೆ ಬೇಡ ಎನ್ನುತ್ತಾನೆ. ನಾರದ ನಗುತ್ತಾನೆ, ಇಲ್ಲಿ ವೈರ ಇರುವುದಿಲ್ಲ ಎಂದು ತಿಳಿಹೇಳುತ್ತಾನೆ. ಯಾರಾದರೂ ಬರೆದುಕೊಟ್ಟರೆ ಈ ಒಂದು ಪ್ರವೇಶವನ್ನು ನಮ್ಮ ಕಡೆಯ ಕಲಾವಿದರು ಆಡಬೇಕು. ಇಡೀ ರಾತ್ರಿ ಕೌರವನ ಪಾರ್ಟು ಮಾಡಿ ಬೆವರಿಗೆ ಬಣ್ಣ ಇಳಿದವನು ಮತ್ತೆ ಮುಖ ತೊಳೆದು, ಈ ಸಲ ಏನೂ ಮಾತಾಡದೆ ಪೀಠದಲ್ಲಿ ಕೂಡಬೇಕು. ಧರ್ಮರಾಯನ ಪಾರ್ಟಿನವನಿಗೆ ತಾಲೀಮಿನಲ್ಲಿ ಹೇಳಿಕೊಡಬೇಕಾದದ್ದು ಬಹಳವಿದೆ: ಮುಖ ತಿರುಗಿಸುವ ಮುಂಚೆ, ಮಯಸಭೆಯಲ್ಲಿ ದುರ್ಯೋಧನ ನೋಡಿದ ಹಾಗೆ, ಒಂದು ಗಳಿಗೆ ಅವನೂ ಕಣ್ಣರಳಿಸಿ ನೋಡಬೇಕು.